ಹೊಸಬರಿಗೆ ಮಾರ್ಗದರ್ಶಿ: ಬೆಂಕಿ ಬಿದ್ದಾಗ ಮನೆಯಿಂದ ಹೊರಬರುವ ದಾರಿ

ಮೈಸೂರಿಗೆ ಬಂದು ಮನೆ ಹಿಡಿದಿದ್ದೀರಿ, ಸಂತೋಷ. ಕಾವೇರಿ ನೀರು, ಮಕ್ಕಳ ಶಾಲೆ ವಿಚಾರಿಸಿದಷ್ಟೇ ಶ್ರದ್ಧೆಯಿಂದ ಇದನ್ನೂ ಓದಿ. ಇಲ್ಲಿನ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾಯಿತು. ಕಲ್ಲು, ಕಬ್ಬಿಣ ಬಳಸಿ ಕಟ್ಟಿಸಿದ ಹೊಸ ಅರಮನೆ 1912ರಲ್ಲಿ ಪೂರ್ಣಗೊಂಡಿತು. ಅರಮನೆಯೇ ಪಾಠ ಕಲಿತ ಊರಿನಲ್ಲಿ ನಮ್ಮ ಮನೆಗಳು ಕಲಿಯದಿದ್ದರೆ ಹೇಗೆ?

ಬೀಗ ಮತ್ತು ಗ್ರಿಲ್

ಊರಿನ ಮನೆಗೆ ಹಿತ್ತಲ ಬಾಗಿಲಿತ್ತು. ಇಲ್ಲಿನ ಎಷ್ಟೋ ಬಾಡಿಗೆ ಮನೆಗಳಿಗೆ ಒಂದೇ ಬಾಗಿಲು. ಕಳ್ಳರ ಭಯಕ್ಕೆ ಕಿಟಕಿಗೆಲ್ಲ ಗ್ರಿಲ್, ರಾತ್ರಿ ಗೇಟಿಗೆ ಒಳಗಿನಿಂದ ಬೀಗ, ಬೀಗದ ಕೈ ಬೀರುವಿನಲ್ಲಿ. ನಾನು ಬಂದ ಹೊಸದರಲ್ಲಿ ನಮ್ಮ ವಠಾರದ ಮಹಡಿ ಮನೆಯಲ್ಲಿ ನಡುರಾತ್ರಿ ಹೊಗೆ ತುಂಬಿತು. ಅಜ್ಜಿ, ಮೊಮ್ಮಕ್ಕಳು ಗೇಟು ಹಿಡಿದು ಕೂಗುತ್ತಿದ್ದರು. ಬೀಗದ ಕೈ ಎಲ್ಲಿದೆಯೆಂದು ಬಲ್ಲ ಯಜಮಾನರು ರಾತ್ರಿ ಪಾಳಿಯಲ್ಲಿದ್ದರು. ಕೆಳಮನೆಯ ಹುಡುಗರು ಹಾರೆಯಿಂದ ಬೀಗ ಮುರಿದದ್ದಕ್ಕೆ ಎಲ್ಲರೂ ಬದುಕಿದರು. ಆ ಕೂಗು ಕೇಳಿದವರಾರೂ ಬೀಗದ ಕೈಯನ್ನು ಬೀರುವಿನಲ್ಲಿ ಇಡುವುದಿಲ್ಲ.

ಬೀಗದ ಕೈ ಬಾಗಿಲ ಹತ್ತಿರದ ಮೊಳೆಯಲ್ಲೇ ಇರಲಿ: ಹೊರಗಿನವರಿಗೆ ಎಟುಕಬಾರದು, ಮನೆಯ ಮಕ್ಕಳಿಗೆ ಎಟುಕಬೇಕು. ಕತ್ತಲಲ್ಲಿ ಬೀಗ ತೆಗೆಯುವುದನ್ನು ಅಜ್ಜಿ, ತಾತಂದಿರಿಗೂ ಅಭ್ಯಾಸ ಮಾಡಿಸಿ. ಒಂದು ಕೋಣೆಯ ಗ್ರಿಲ್ಲಾದರೂ ಒಳಗಿನಿಂದ ತೆರೆಯುವಂತಿರಲಿ. ಮಾಲೀಕರನ್ನು ಕೇಳಲು ಸಂಕೋಚವಾದರೆ ಸಂಘದ ಹಿರಿಯರು ಜೊತೆಗೆ ಬಂದು ಮಾತನಾಡುತ್ತಾರೆ, ಅದಕ್ಕಾಗಿಯೇ ಸಂಘವಿರುವುದು. ಮೆಟ್ಟಿಲ ಮೇಲೆ ತೆಂಗಿನಕಾಯಿ ಮೂಟೆ, ಹಳೆಯ ಪೇಪರ್ ಕಟ್ಟು ಬೇಡ. ಪ್ರತಿ ಸಭೆಯಲ್ಲೂ ಹೇಳುತ್ತೇವೆ, ಆದರೂ ಇಡುತ್ತಾರೆ.

ಹೊಗೆ

ಹೊಗೆ ಮೇಲಕ್ಕೇರುತ್ತದೆ; ಬಗ್ಗಿ, ತೆವಳಿಕೊಂಡು ಬನ್ನಿ. ಮುಚ್ಚಿದ ಬಾಗಿಲನ್ನು ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಿ, ಬಿಸಿಯಿದ್ದರೆ ತೆರೆಯಬೇಡಿ. ಲಿಫ್ಟ್ ಹತ್ತಬೇಡಿ. ಹೊರಬಂದ ಮೇಲೆ ಸೇರುವ ಜಾಗವನ್ನು ಈಗಲೇ ಗೊತ್ತು ಮಾಡಿ. ಒಡವೆ, ಅಂಕಪಟ್ಟಿ, ಪತ್ರಗಳಿಗೆಂದು ಮತ್ತೆ ಒಳಗೆ ಹೋಗಲೇಬೇಡಿ.

ಅಡುಗೆಮನೆ

ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ಹರಡುತ್ತದೆ. ವಾಸನೆ ಬಂದರೆ ಸ್ವಿಚ್ ಹಾಕಲೂ ಬೇಡಿ, ಆರಿಸಲೂ ಬೇಡಿ. ಒಲೆ, ಊದುಬತ್ತಿ ಆರಿಸಿ, ದೇವರ ದೀಪವನ್ನೂ ಶಾಂತ ಮಾಡಿ, ದೇವರು ಮುನಿಯುವುದಿಲ್ಲ. ರೆಗ್ಯುಲೇಟರ್ ಮುಚ್ಚಿ, ಬಾಗಿಲು, ಕಿಟಕಿ ತೆರೆದು, ಹೊರಗೆ ಬಂದ ಮೇಲೆ ಫೋನ್ ಮಾಡಿ. ಗ್ಯಾಸ್ ಪೈಪನ್ನು 5 ವರ್ಷಕ್ಕೊಮ್ಮೆಯಾದರೂ ಬದಲಿಸಿ.

ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಬೇಡಿ. ಒಲೆ ಆರಿಸಿ, ತಟ್ಟೆ ಮುಚ್ಚಿ.

ಸುಟ್ಟ ಗಾಯ

ಹರಿಯುವ ತಣ್ಣೀರು, 20 ನಿಮಿಷ. ಶಾಯಿ, ಟೂತ್‌ಪೇಸ್ಟ್, ಅರಿಶಿನ ಬೇಡ. ನಂತರ ವೈದ್ಯರು.

ಬಾಗಿಲ ಹಿಂದೆ ಅಂಟಿಸಿ

ಯಾವುದೇ ತುರ್ತು: 112
ಅಗ್ನಿಶಾಮಕ: 101
ಆಂಬುಲೆನ್ಸ್: 108
ಗ್ಯಾಸ್ ಸೋರಿಕೆ: 1906
ನಿಮ್ಮ ಮನೆ ಸಂಖ್ಯೆ, ಕ್ರಾಸ್, ಮೇನ್, ಬಡಾವಣೆ, ಹತ್ತಿರದ ಗುಡಿ ಅಥವಾ ಶಾಲೆಯ ಹೆಸರು. ಗಾಬರಿಯಲ್ಲಿ ಸ್ವಂತ ವಿಳಾಸವೇ ನೆನಪಿಗೆ ಬರುವುದಿಲ್ಲ. ದಪ್ಪ ಅಕ್ಷರದಲ್ಲಿ ಬರೆಯಿರಿ.