‘ಬಿಡಿಸಿ ಬರೆಯಿರಿ’ ಎಂದಾಗ ದಕ್ಕಿದ ಅಪಾಸ್ಟ್ರಫಿ

ಇಂಗ್ಲಿಷ್ ಪದಗಳ ಮೇಲ್ತುದಿಯಲ್ಲಿ ಇಡುವ ’ ಚಿಹ್ನೆಯನ್ನು, ಅಂದರೆ ಅಪಾಸ್ಟ್ರಫಿಯನ್ನು, ಲೋಪಸಂಧಿಯಂತೆ (ಎರಡು ಪದ ಸೇರುವಾಗ ನಡುವಿನ ಸ್ವರ ಬಿದ್ದುಹೋಗುವ ಸಂಧಿ) ಕಲಿಸುತ್ತೇನೆ ಎಂದಾಗ ಜೊತೆಯ ಶಿಕ್ಷಕರು ಒಪ್ಪಲಿಲ್ಲ. ಮಕ್ಕಳು ಎರಡೂ ವ್ಯಾಕರಣ ಕೆಡಿಸಿಕೊಳ್ಳುತ್ತಾರೆ ಎಂದರು. ನನ್ನ ಮನೆಪಾಠದ ಮೂರನೆಯ ತಂಡ ಈಗ ಮುಗಿದಿದೆ. 20 ವಾಕ್ಯಗಳಲ್ಲಿ ಮೊದಲು 8–9 ತಪ್ಪಾಗುತ್ತಿದ್ದವು, ಈಗ ಒಂದೋ ಎರಡೋ.

ಇಲ್ಲಿಗೆ ಬರುವ ಮುಂಚೆ ಸಾಕಷ್ಟು ಹಣ ಕಳೆದಿದ್ದೇನೆ. ಬಣ್ಣದ ನಿಯಮಪಟ್ಟಿ ಅಚ್ಚು ಹಾಕಿಸಲು ಒಂದು ತಿಂಗಳ ಶುಲ್ಕ ಪೂರ್ತಿ ಹೋಯಿತು. ಮಕ್ಕಳು ಪಟ್ಟಿಯನ್ನು ಚೆನ್ನಾಗಿ ಒಪ್ಪಿಸಿದರು, ಬರೆಯುವಾಗ ‘ಎಸ್’ ಕಂಡಲ್ಲೆಲ್ಲ ಚಿಹ್ನೆ ಇಟ್ಟರು. ಆಮೇಲೆ ಉಕ್ತಲೇಖನ ಹಿಡಿದೆ. ಅದು ಇನ್ನೂ ದೊಡ್ಡ ತಪ್ಪು. ‘ಇಟ್ಸ್’ ಚಿಹ್ನೆ ಇದ್ದರೂ ಇಲ್ಲದಿದ್ದರೂ ಕಿವಿಗೆ ಒಂದೇ. ಮೂವರು ನಡುವೆಯೇ ಬಿಟ್ಟರು, ಅವರ ಶುಲ್ಕ ಹಿಂದಿರುಗಿಸಿದೆ.

‘ಮಾತಿಲ್ಲ’ವನ್ನು ‘ಮಾತು + ಇಲ್ಲ’ ಎಂದು ಥಟ್ಟನೆ ಬಿಡಿಸುವ ಮಕ್ಕಳು ಇವರೇ. ಕನ್ನಡದಲ್ಲಿ ಬಿದ್ದ ಸ್ವರಕ್ಕೆ ಗುರುತಿಲ್ಲ, ಇಂಗ್ಲಿಷ್ ಬಿದ್ದ ಜಾಗದಲ್ಲಿ ಗುರುತು ಇಡುತ್ತದೆ, ಅಷ್ಟೇ. ಚಿಹ್ನೆ ಇಡುವ ಮೊದಲು ಬಿಡಿಸಿ ಬರೆಯಿರಿ ಎಂದೆ. ‘ಲೆಟ್ಸ್ ಗೋ’ ಬಿಡಿಸಿದರೆ ‘ಲೆಟ್ ಅಸ್ ಗೋ’. ನಿಲ್ಲುತ್ತದೆ, ಚಿಹ್ನೆ ಬೇಕು. ‘ಹಿ ಲೆಟ್ಸ್ ಮಿ ಗೋ’ ಬಿಡಿಸಿ ನೋಡಿ, ವಾಕ್ಯವೇ ಕುಸಿಯುತ್ತದೆ. ‘ವೋಂಟ್’ ಮಾತ್ರ ಹಟಮಾರಿ. ಅದರೊಳಗೆ ‘ವಿಲ್’ನ ಹಳೆಯ ರೂಪ ಅಡಗಿದೆ ಎಂದು ಹೇಳಿ ಬಾಯಿಪಾಠ ಮಾಡಿಸುತ್ತೇನೆ.

ನಿರೀಕ್ಷಿಸದ ಲಾಭವಾದದ್ದು ಕ್ರಿಯಾಪದಗಳಲ್ಲಿ. ‘ಹಿ ಡಸಂಟ್ ಗೋಸ್’ ಎಂದು ಬರೆಯುತ್ತಿದ್ದ ಹುಡುಗಿ ‘ಡಸ್ ನಾಟ್ ಗೋಸ್’ ಎಂದು ಬಿಡಿಸಿದ ಕೂಡಲೇ ‘ಎಸ್’ ಎರಡು ಕಡೆ ಇದೆಯಲ್ಲ ಎಂದು ತಾನೇ ಒಂದನ್ನು ಹೊಡೆದು ಹಾಕಿದಳು. ‘ಡಿಡಂಟ್ ವೆಂಟ್’ ಕೂಡ ಅದೇ ವಾರ ಹೋಯಿತು. ‘ಅವನು ಶಿಕ್ಷಕ’ ಎಂಬುದಕ್ಕೆ ಕನ್ನಡದಲ್ಲಿ ಕ್ರಿಯಾಪದ ಬೇಡ. ಹಾಗಾಗಿ ‘ಹೀಸ್’ನೊಳಗಿನ ‘ಈಸ್’ ನುಂಗಿ ಹೋಗುತ್ತಿತ್ತು. ಬಿಡಿಸಿದಾಗ ಅದೂ ಕಣ್ಣಿಗೆ ಬಿತ್ತು. ಒಳಗಿರುವುದು ‘ಈಸ್’ ಅಥವಾ ‘ಹ್ಯಾಸ್’ ಎಂದು ಹಿಡಿಯಲು ನನ್ನದೊಂದು ಉಪಾಯವಿದೆ, ಅದನ್ನು ತರಗತಿಗೇ ಉಳಿಸಿಕೊಳ್ಳುತ್ತೇನೆ.

ಒಡೆತನ ಹೇಳುವಲ್ಲಿ ಬಿಡಿಸುವುದು ನಡೆಯುವುದಿಲ್ಲ. ಅಲ್ಲಿ ಕನ್ನಡದಲ್ಲಿ ಹೇಳಿಸುತ್ತೇನೆ: ‘ಹುಡುಗನ’ ಎಂದರೆ ‘ಎಸ್’ಗೆ ಮೊದಲು, ‘ಹುಡುಗರ’ ಎಂದರೆ ನಂತರ, ‘ಅದರ’ ಎಂದರೆ ಚಿಹ್ನೆಯೇ ಇಲ್ಲ. ‘ಮಕ್ಕಳ’ ಎಂಬಂಥಲ್ಲಿ ಇದು ಎಡವುತ್ತದೆ, ‘ಚಿಲ್ಡ್ರನ್’ಗೆ ಬಹುವಚನದ ‘ಎಸ್’ ಇಲ್ಲವಲ್ಲ. ಅದಕ್ಕೆ ಮುಂದಿನ ತಂಡದಲ್ಲಿ ಬಹುವಚನವನ್ನು ಮೊದಲು ಬರೆಸಿ, ಆಮೇಲೆ ಚಿಹ್ನೆ ಇಡಿಸಿ ನೋಡುತ್ತೇನೆ.