ಆಧಾರ್ ಪ್ರಿಂಟ್ ತೆಗೆಸುವಾಗ ಸ್ವಲ್ಪ ಗಮನಿಸಿ

ಕುಂಬಳೆ, ಬದಿಯಡ್ಕ ಕಡೆ ಝೆರಾಕ್ಸ್ ಅಂಗಡಿಯ ವಾಟ್ಸಾಪ್‌ಗೆ ಆಧಾರ್ ಕಳಿಸಿ ಪ್ರಿಂಟ್ ತೆಗೆಸುವವರೇ ಜಾಸ್ತಿ, ಅಲ್ವಾ? ಕಾಗದ ಕೈಗೆ ಬಂದರೂ ಫೈಲ್ ಅಲ್ಲಿನ ಕಂಪ್ಯೂಟರ್‌ನಲ್ಲೇ ಬಿದ್ದಿರುತ್ತದೆ. ಎದುರಿಗೇ ನಿಂತು ಡಿಲೀಟ್ ಮಾಡಿಸಿ, ರಿಸೈಕಲ್ ಬಿನ್‌ನಿಂದಲೂ. ಕೇಳಲು ನಾಚಿಕೆ ಬೇಡ. ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಎಂದು ನಿಶ್ಚಿಂತರಾಗಬೇಡಿ. ಆ ಪಾಸ್‌ವರ್ಡ್ ಎಂದರೆ ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರ, ಹುಟ್ಟಿದ ವರ್ಷ, ಅಷ್ಟೇ. ಊರಲ್ಲಿ ಯಾರಿಗೆ ಗೊತ್ತಿಲ್ಲ?

ಮಂಗಳೂರಿನ ಲಾಡ್ಜ್‌ನಲ್ಲಿ ಗುರುತಿಗೆ ಕೇಳಿದರೆ ಮಾಸ್ಕ್ಡ್ ಆಧಾರ್ ಕೊಡಿ. ಮೈ ಆಧಾರ್ ಜಾಲತಾಣದಲ್ಲಿ ಒಟಿಪಿ ಹಾಕಿ ಡೌನ್‌ಲೋಡ್ ಮಾಡುವಾಗ ಆ ಆಯ್ಕೆ ಸಿಗುತ್ತದೆ. ಅದರಲ್ಲಿ ಆಧಾರ್ ಸಂಖ್ಯೆಯ 12 ಅಂಕಿಗಳಲ್ಲಿ ಕೊನೆಯ 4 ಮಾತ್ರ ಕಾಣುತ್ತವೆ.

ಬೆರಳಚ್ಚನ್ನೂ ಅದೇ ಜಾಲತಾಣದಲ್ಲಿ ಲಾಕ್ ಮಾಡಬಹುದು. ಆದರೆ ರೇಷನ್ ಅಂಗಡಿಗೆ ಹೋಗುವ ಮುಂಚೆ ಅನ್‌ಲಾಕ್ ಮಾಡಿ, ಇಲ್ಲದಿದ್ದರೆ ಮೆಷಿನ್ ಬೆರಳು ಒಪ್ಪುವುದಿಲ್ಲ.