ದನ, ಕೋಳಿ, ಬೆಕ್ಕು ಇರುವ ಮನೆಗೆ ಹೊಸದಾಗಿ ಬಂದವರಿಗೆ

ಪೇಟೆಯಲ್ಲಿ ಎಷ್ಟೋ ವರ್ಷ ಇದ್ದು ಈಗ ಮಲೆನಾಡಿನ ಮನೆಗೆ ವಾಪಸ್ ಬರುವ ಮಕ್ಕಳು ಜಾಸ್ತಿ ಆಗಿದ್ದಾರೆ. ನಮ್ಮ ಸಾಗರದ ಕಡೆ ಬಾಗಿಲು ಹಾಕಿದ್ದ ಮನೆಗಳಲ್ಲಿ ಮತ್ತೆ ಒಲೆ ಹೊಗೆ ಕಾಣುವಾಗ ನನಗೆ ತುಂಬಾ ಖುಷಿಯಾಗುತ್ತದೆ. ಬಂದವರು ಮೊದಲು ಕೇಳುವುದು ಯಾವ ದನ ತರಬೇಕು, ಎಷ್ಟು ಕೋಳಿ ಸಾಕಬೇಕು ಅಂತ. ಅದಕ್ಕೂ ಮುಂಚೆ ಒಂದು ಅಭ್ಯಾಸ ಮಾಡಿಕೊಳ್ಳಿ. ಬೆಳಗ್ಗೆ ಎದ್ದು ಬಾಯಿ ತೊಳೆದ ಮೇಲೆ ಕೊಟ್ಟಿಗೆಗೆ ಹೋಗಿ ಸ್ವಲ್ಪ ಹೊತ್ತು ಸುಮ್ನೆ ನಿಂತು ನೋಡಿ. ಕೈಯಲ್ಲಿ ಚೊಂಬು ಬೇಡ, ಫೋನೂ ಬೇಡ. "ಇದ್ದಕ್ಕಿದ್ದಂತೆ ಹೀಗಾಯ್ತು" ಅಂತ ನಾವು ಹೇಳುವ ಸಂಗತಿಗಳಲ್ಲಿ ಎಷ್ಟೋ ಹಿಂದಿನ ದಿನವೇ ಸುಳಿವು ಕೊಟ್ಟಿರುತ್ತವೆ.

ಏನು ನೋಡಬೇಕು? ದನ ಮೆಲುಕು ಹಾಕುತ್ತಿದೆಯಾ, ಮೂಗಿನ ತುದಿ ಒದ್ದೆ ಇದೆಯಾ, ರಾತ್ರಿ ಹಾಕಿದ ಹುಲ್ಲು ಮುಗಿಸಿದೆಯಾ, ಸಗಣಿ ಎಂದಿನಂತೆ ಇದೆಯಾ. ಹಿಂದೆ ನಿಂತು ನೋಡಿದರೆ ಎಡ ಪಕ್ಕೆಯ ಮೇಲಿನ ಗುಳಿ ಕಾಣುತ್ತದೆ. ಆ ಗುಳಿ ತುಂಬಿ ಉಬ್ಬಿಕೊಂಡಿದ್ದರೆ, ತಟ್ಟಿದಾಗ ಡಬಡಬ ಅಂದರೆ, ಅದು ಹೊಟ್ಟೆ ಉಬ್ಬರ. ಕಾಯುತ್ತಾ ಕೂರುವ ಕಾಯಿಲೆ ಅಲ್ಲ ಅದು, ತಕ್ಷಣ ಪಶು ಡಾಕ್ಟರಿಗೆ ಹೇಳಬೇಕು. 1962ಕ್ಕೆ ಫೋನ್ ಮಾಡಿದರೆ ಪಶು ಚಿಕಿತ್ಸೆಯ ವಾಹನದವರು ಸಿಗುತ್ತಾರೆ. ಆ ಸಂಖ್ಯೆಯನ್ನೂ ನಿಮ್ಮೂರಿನ ಪಶು ಆಸ್ಪತ್ರೆಯ ಸಂಖ್ಯೆಯನ್ನೂ ಕೊಟ್ಟಿಗೆಯ ಬಾಗಿಲ ಮೇಲೆ ಬರೆದಿಡಿ. ಗಾಬರಿಯಲ್ಲಿ ಫೋನ್‌ನಲ್ಲಿ ಹೆಸರು ಹುಡುಕುವುದು ಆಗುವುದಿಲ್ಲ.

ಉಬ್ಬರ, ಅಜೀರ್ಣ ಜಾಸ್ತಿ ಕಾಣುವುದು ಮದುವೆ, ತಿಥಿ, ಹಬ್ಬದ ಮಾರನೇ ದಿನ. ಉಳಿದ ಅನ್ನ, ಪಾಯಸ ಹಾಳಾಗಬಾರದು ಅಂತ ಬಕೆಟ್ ತುಂಬಾ ತಂದು ಗೋದಲಿಗೆ ಸುರಿಯುತ್ತಾರೆ. ದನವೂ ಆಸೆಯಿಂದ ತಿನ್ನುತ್ತದೆ. ಆದರೆ ಅದರ ಹೊಟ್ಟೆ ಇರುವುದು ಹುಲ್ಲಿಗೆ. ಒಮ್ಮೆಲೇ ಅಷ್ಟು ಅನ್ನ ಬಿದ್ದರೆ ಒಳಗೆ ಹುಳಿಯಾಗಿ, ಮೆಲುಕು ನಿಂತು, ಹುಳಿ ವಾಸನೆಯ ಭೇದಿ ಶುರುವಾಗುತ್ತದೆ. ದನ ಸತ್ತೇ ಹೋಗಬಹುದು. ಹಲಸಿನ ಹಣ್ಣಿನ ಕಾಲದಲ್ಲೂ ಹೀಗೇ. ಮರದ ಕೆಳಗೆ ಬಿದ್ದ ಹಣ್ಣನ್ನು ದನ ತಿನ್ನಲು ಬಿಟ್ಟು ಮರೆಯಬೇಡಿ. ಕಲಗಚ್ಚಿನಲ್ಲಿ ಒಂದೆರಡು ಹಿಡಿ ಅನ್ನ ಇದ್ದರೆ ಏನೂ ಆಗದು. ಬಕೆಟ್ ಬೇಡ. ಹೆಚ್ಚು ಉಳಿದರೆ ಗೊಬ್ಬರದ ಗುಂಡಿಗೆ ಹಾಕಿ, ಅದರಲ್ಲಿ ಪಾಪ ಇಲ್ಲ.

ಯಾವ ದನ ಅನ್ನುವ ಪ್ರಶ್ನೆಗೆ ನನ್ನ ಉತ್ತರ: ಮನೆ ಮಟ್ಟಿಗೆ ಹಾಲು ಸಾಕು ಅನ್ನುವವರಿಗೆ ಮಲೆನಾಡು ಗಿಡ್ಡ. ಹಾಲು ಕಡಿಮೆ, ನಿಜ. ಆದರೆ ಈ ಮಳೆ, ಈ ಗುಡ್ಡ, ಈ ಒರಟು ಹುಲ್ಲು ಎಲ್ಲಕ್ಕೂ ಒಗ್ಗಿದ ಜಾತಿ. ಜರ್ಸಿ, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ತರದ ವಿದೇಶಿ ಜಾತಿಯ ಮಿಶ್ರತಳಿ ತಂದರೆ ಹಾಲು ಹೆಚ್ಚು, ಆರೈಕೆಯೂ ಹೆಚ್ಚು. ಅದರಲ್ಲೂ ಕರು ಹಾಕಿದ ಮೊದಲ ಮೂರು ದಿನ ಕಣ್ಣಿಟ್ಟಿರಬೇಕು. ಕಿವಿ ತಣ್ಣಗಾಗಿ, ಕುತ್ತಿಗೆ ಒಂದು ಪಕ್ಕಕ್ಕೆ ತಿರುಗಿಸಿಕೊಂಡು, ಏಳಲಾರದೆ ಮಲಗಿದರೆ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ರಕ್ತದಲ್ಲಿ ಇಳಿದಿದೆ ಅಂತ ಅರ್ಥ. ಹೊತ್ತಿಗೆ ಸರಿಯಾಗಿ ಡಾಕ್ಟರು ಬಂದು ಕ್ಯಾಲ್ಸಿಯಂ ಕೊಟ್ಟರೆ ಅದೇ ದನ ಸ್ವಲ್ಪ ಹೊತ್ತಿಗೆ ಎದ್ದು ನಿಲ್ಲುವುದುಂಟು. ತಡವಾದರೆ ಉಳಿಯುವುದಿಲ್ಲ.

ಕರು ಹಾಕುವ ಹೊತ್ತು ಮನೆಯ ದೊಡ್ಡ ಸಂಭ್ರಮ. ಗಬ್ಬ ನಿಂತು ಸುಮಾರು 280 ದಿನ, ಅಂದರೆ ಒಂಬತ್ತು ತಿಂಗಳು ಚಿಲ್ಲರೆ. ದಿನ ಹತ್ತಿರ ಬಂದಾಗ ಕೆಚ್ಚಲು ತುಂಬುತ್ತದೆ, ಬಾಲದ ಬುಡದ ಎರಡೂ ಕಡೆ ಸಡಿಲವಾಗಿ ಗುಳಿ ಬೀಳುತ್ತದೆ, ದನ ಬೇರೆ ದನಗಳಿಂದ ದೂರ ನಿಲ್ಲುತ್ತದೆ. ಆಗ ಒಣ ಹುಲ್ಲು ಹಾಸಿ, ಹಗ್ಗ ಉದ್ದ ಬಿಡಿ. ಗಿಡ್ಡ ಹಗ್ಗದಲ್ಲಿ ಕಟ್ಟಿದರೆ ಅದು ಮಲಗಿ ಎದ್ದು ಮಾಡುವುದು ಹೇಗೆ? ನೀರಿನ ಚೀಲ ಕಂಡ ಮೇಲೆ ಒಂದೆರಡು ಗಂಟೆಯಲ್ಲಿ ಕರು ಬರಬೇಕು. ಮುಂಗಾಲು ಎರಡು, ಅದರ ಮೇಲೆ ಮೂತಿ, ಹೀಗೆ ಕಂಡರೆ ಎಲ್ಲ ಸರಿ ಇದೆ, ದೂರ ನಿಂತು ನೋಡಿ. ಒಂದೇ ಕಾಲು ಕಂಡರೆ, ಬಾಲ ಕಂಡರೆ, ಅಥವಾ ತಿಣುಕಿ ತಿಣುಕಿ ಏನೂ ಬಾರದಿದ್ದರೆ ಡಾಕ್ಟರೇ ಬೇಕು. ನಾಲ್ಕು ಜನ ಸೇರಿ ಹಗ್ಗ ಹಾಕಿ ಎಳೆಯುವುದನ್ನು ನಾನು ಒಪ್ಪುವುದಿಲ್ಲ.

ಕರು ಬಿದ್ದ ಕೂಡಲೇ ಮೂಗು, ಬಾಯಿಯ ಲೋಳೆ ಒರೆಸಿ. ತಾಯಿ ನೆಕ್ಕಲಿ, ಅದನ್ನು ತಡೆಯಬೇಡಿ. ಹೊಕ್ಕುಳ ಬಳ್ಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚಿ. ಮಳೆಗಾಲದ ಕೊಟ್ಟಿಗೆಯಲ್ಲಿ ಹೊಕ್ಕುಳಕ್ಕೆ ನಂಜು ಏರುವುದು ಬಹಳ ಬೇಗ. ಆಮೇಲೆ ಎರಡು ಗಂಟೆಯ ಒಳಗೆ ಕರು ಗಿಣ್ಣುಹಾಲು ಕುಡಿಯಲೇಬೇಕು. "ಮಾಸು (ಕರುವಿನ ನಂತರ ಬೀಳುವ ಪೊರೆ) ಬಿದ್ದ ಮೇಲೆ ಕುಡಿಸೋಣ" ಅಂತ ಕಾಯುವ ಪದ್ಧತಿ ಕೆಲವು ಮನೆಗಳಲ್ಲಿ ಈಗಲೂ ಇದೆ. ಅದನ್ನು ದಯವಿಟ್ಟು ಬಿಡಿ. ಹುಟ್ಟಿದ ಕರುವಿಗೆ ರೋಗ ತಡೆಯುವ ಶಕ್ತಿ ಬರುವುದೇ ಆ ಹಾಲಿನಿಂದ. ಒಂದು ದಿನ ಕಳೆದರೆ ಅದರ ಕರುಳು ಆ ಶಕ್ತಿಯನ್ನು ಒಳಗೆ ಎಳೆದುಕೊಳ್ಳುವುದಿಲ್ಲ. ಕರು ಕುಡಿಯಲು ಶುರು ಮಾಡಿದರೆ ಮಾಸು ಬೀಳಲೂ ಸಹಾಯ. ಹನ್ನೆರಡು ಗಂಟೆ ಕಳೆದರೂ ಮಾಸು ಬೀಳದಿದ್ದರೆ ಡಾಕ್ಟರಿಗೆ ಹೇಳಿ. ಅದಕ್ಕೆ ಕಲ್ಲು ಕಟ್ಟುವುದು, ಕೈಯಲ್ಲಿ ಎಳೆಯುವುದು ಬೇಡ. ಬಿದ್ದ ಮಾಸನ್ನು ನಾಯಿಗೆ ಸಿಗದಂತೆ ಆಳವಾಗಿ ಹೂಳಿ.

ಕರುವಿಗೆ ಹೊಟ್ಟೆ ತುಂಬಿದ ಮೇಲೆ ಉಳಿದದ್ದು ನಮಗೆ. ಮೊದಲ ಹಾಲು ತುಂಬಾ ಮಂದ. ಅದಕ್ಕೆ ಮಾಮೂಲಿ ಹಾಲು ಬೆರೆಸಿ, ಬೆಲ್ಲ ಕರಗಿಸಿ ಸೋಸಿ, ಏಲಕ್ಕಿ ಹಾಕಿ ಇಡ್ಲಿ ಪಾತ್ರೆಯಲ್ಲಿ ಹಬೆಗೆ ಇಡಿ. ಬೆರೆಸದೆ ಹಾಗೇ ಬೇಯಿಸಿದರೆ ಗಿಣ್ಣು ಗಟ್ಟಿಯಾಗಿ ಜಗಿಯಬೇಕಾಗುತ್ತದೆ. ಒಂದು ಸೌಟು ಹಾಲನ್ನು ಮೊದಲು ಸಣ್ಣ ಬಟ್ಟಲಲ್ಲಿ ಬೇಯಿಸಿ ನೋಡಿದರೆ ಎಷ್ಟು ಬೆರೆಸಬೇಕು ಅಂತ ಗೊತ್ತಾಗುತ್ತದೆ. ಅಕ್ಕಪಕ್ಕದ ಮನೆಗೆ ಕೊಡದೆ ಗಿಣ್ಣು ತಿನ್ನಬೇಡಿ. ಹೊಸದಾಗಿ ಊರಿಗೆ ಬಂದವರಿಗೆ ಸ್ನೇಹ ಬೆಳೆಯಲು ಇದಕ್ಕಿಂತ ಒಳ್ಳೆಯ ದಾರಿ ಯಾವುದಿದೆ ಹೇಳಿ.

ಹಾಲು ಕರೆಯುವಾಗ ಮೊದಲ ಎರಡು ಮೂರು ಸೆಳೆಯನ್ನು ಒಂದು ಕಪ್ಪು ಬಟ್ಟೆಯ ಮೇಲೆ ಬಿಡಿ. ಸಣ್ಣ ಗಟ್ಟಿ ಚೂರು ಕಂಡರೆ ಕೆಚ್ಚಲು ಬಾವು ಶುರುವಾಗಿದೆ. ಕೆಚ್ಚಲು ಊದಿಕೊಳ್ಳುವ ಮುಂಚೆಯೇ ಹೀಗೆ ಹಿಡಿಯಬಹುದು. ಕರೆದ ಕೂಡಲೇ ದನ ಮಲಗದಂತೆ ಒಂದು ಹಿಡಿ ಹಸಿ ಹುಲ್ಲು ಹಾಕಿ ಅರ್ಧ ಗಂಟೆ ನಿಲ್ಲಿಸಿ. ಮೊಲೆಯ ತೂತು ಆಗ ಇನ್ನೂ ತೆರೆದಿರುತ್ತದೆ, ಮಲಗಿದರೆ ನೆಲದ ಕೊಳೆ ಒಳಗೆ ಹೋಗುತ್ತದೆ. ಔಷಧಿಗೆ ಖರ್ಚು ಮಾಡುವ ದುಡ್ಡು ಈ ಒಂದು ಹಿಡಿ ಹುಲ್ಲಿನಲ್ಲಿ ಉಳಿಯುತ್ತದೆ.

ಇನ್ನೊಂದು ವಿಷಯ, ಇದನ್ನು ಎಲ್ಲರಿಗೂ ಹೇಳುತ್ತೇನೆ. ದನ ಜೊಲ್ಲು ಸುರಿಸುತ್ತಾ, ನುಂಗಲು ಆಗದೆ, ಗೊಗ್ಗರು ದನಿಯಲ್ಲಿ ಕೂಗುತ್ತಿದ್ದರೆ ನಾವು "ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ" ಅಂದುಕೊಂಡು ಬಾಯಿಗೆ ಕೈ ಹಾಕುತ್ತೇವೆ. ಹಾಕಬೇಡಿ. ಹುಚ್ಚು ನಾಯಿ ಕಚ್ಚಿದ ದನವೂ ಹೀಗೇ ಕಾಣುತ್ತದೆ. ಕಚ್ಚಿದ್ದು ವಾರಗಟ್ಟಲೆ ಹಿಂದೆ, ಮೇಯಲು ಹೋದಾಗ ಆಗಿರಬಹುದು, ನಮಗೆ ಗೊತ್ತೇ ಇರುವುದಿಲ್ಲ. ಆ ಜೊಲ್ಲು ಕೈಯ ಗಾಯಕ್ಕೆ ತಾಗಿದರೂ ಅಪಾಯ. ಮಕ್ಕಳನ್ನು ದೂರ ಕಳಿಸಿ ಡಾಕ್ಟರನ್ನು ಕರೆಸಿ. ನಾಯಿಯಾಗಲಿ ಬೆಕ್ಕಾಗಲಿ ಕಚ್ಚಿದರೆ, ಉಗುರಲ್ಲಿ ಗೀರಿದರೂ, ಸೋಪು ಹಚ್ಚಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಮೆಣಸಿನ ಪುಡಿ ಏನೂ ಮೆತ್ತಬೇಡಿ. ಅಂದೇ ಆಸ್ಪತ್ರೆಗೆ ಹೋಗಿ, ಚುಚ್ಚುಮದ್ದಿನ ಎಲ್ಲ ಸರದಿಯನ್ನೂ ಮುಗಿಸಿ. "ನಮ್ಮನೆ ಮರಿ ತಾನೇ" ಅಂತ ಬಿಡಬೇಡಿ. ಮರಿಗೆ ಮೂರು ತಿಂಗಳಾದಾಗ ಲಸಿಕೆ ಹಾಕಿಸಿ, ಆಮೇಲೆ ವರ್ಷ ವರ್ಷ ಮರೆಯದೆ ಹಾಕಿಸಿ.

ಕೋಳಿಯ ಮನೆಯಲ್ಲಿ ಬರುವ ಅಚ್ಚರಿಗಳು ಹೆಚ್ಚಾಗಿ ಖುಷಿಯವೇ. ಹ್ಯಾಟೆಯೊಂದು ಕಾಣೆಯಾದರೆ ಮುಂಗುಸಿ ಹೊತ್ತೊಯ್ದಿತು ಅಂತ ಬೇಗ ತೀರ್ಮಾನ ಮಾಡಬೇಡಿ. ರೆಕ್ಕೆ ಪುಕ್ಕ ಎಲ್ಲೂ ಚೆಲ್ಲದಿದ್ದರೆ ಅದು ಹುಲ್ಲಿನ ಬಣವೆಯ ಬುಡದಲ್ಲೋ ಕಟ್ಟಿಗೆ ಸಂದಿಯಲ್ಲೋ ಕದ್ದು ಮೊಟ್ಟೆ ಇಟ್ಟು ಕಾವಿಗೆ ಕೂತಿರಬಹುದು. 21 ದಿನಕ್ಕೆ ಮರಿಗಳ ಹಿಂಡು ಕಟ್ಟಿಕೊಂಡು ಅಂಗಳಕ್ಕೆ ಬರುತ್ತದೆ. ನೀವೇ ಕಾವಿಗೆ ಕೂರಿಸುವುದಾದರೆ ಹತ್ತು ಹನ್ನೆರಡು ಮೊಟ್ಟೆ ಸಾಕು, ಅಷ್ಟೇ ಅದರ ರೆಕ್ಕೆಯಡಿ ಬೆಚ್ಚಗಿರುವುದು. ವಾರದ ನಂತರ ರಾತ್ರಿ ಟಾರ್ಚಿನ ಮುಂದೆ ಹಿಡಿದು ನೋಡಿ. ಕೆಂಪು ನರಗಳು ಹರಡಿದ್ದು ಕಂಡರೆ ಮರಿ ಬೆಳೆಯುತ್ತಿದೆ. ಸ್ವಚ್ಛವಾಗಿ ಬೆಳಕು ದಾಟಿದರೆ ಅದನ್ನು ತೆಗೆದುಬಿಡಿ. ಮರಿಗೆ ಒಂದು ವಾರ ಆಗುವಷ್ಟರಲ್ಲಿ ಕೊಕ್ಕರೆ ರೋಗದ (ರಾಣಿಕೇತ್ ಅನ್ನುತ್ತಾರೆ) ಲಸಿಕೆಯ ಹನಿಯನ್ನು ಕಣ್ಣಿಗೋ ಮೂಗಿಗೋ ಹಾಕಿಸಬೇಕು. ಆ ರೋಗ ಬಂದರೆ ಓಣಿಗೆ ಓಣಿಯೇ ಖಾಲಿ. ಅದಕ್ಕೇ ಪಕ್ಕದ ಮನೆಯವರ ಜೊತೆ ಮಾತಾಡಿ ಒಂದೇ ದಿನ ಎಲ್ಲರ ಮರಿಗೂ ಹಾಕಿಸಿ. ಲಸಿಕೆಯ ಒಂದು ಸೀಸೆಯಲ್ಲಿ ತುಂಬಾ ಮರಿಗಳಿಗೆ ಆಗುವಷ್ಟು ಇರುತ್ತದೆ, ಕಲೆಸಿದ ಮೇಲೆ ಇಟ್ಟುಕೊಳ್ಳಲು ಬರುವುದಿಲ್ಲ.

ಬೆಕ್ಕಿನ ಬಗ್ಗೆ ಹೇಳುವುದು ಕಡಿಮೆ, ಅದು ತನ್ನದನ್ನು ತಾನೇ ನೋಡಿಕೊಳ್ಳುತ್ತದೆ. ಗಬ್ಬದ ಬೆಕ್ಕು ಬಟ್ಟೆ ಕಪಾಟು, ಅಟ್ಟ ಅಂತ ಸುತ್ತಲು ಶುರು ಮಾಡಿದರೆ ಕತ್ತಲೆ ಮೂಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆಗೆ ಹಳೇ ಸೀರೆ ಹಾಸಿ ಇಡಿ. ಇಲ್ಲದಿದ್ದರೆ ರೇಷ್ಮೆ ಸೀರೆಯ ಮೇಲೇ ಮರಿ ಹಾಕುತ್ತದೆ. ಮರಿಗಳನ್ನು ಮೇಲಿಂದ ಮೇಲೆ ಎತ್ತಿ ನೋಡಿದರೆ ತಾಯಿ ಜಾಗ ಬದಲಿಸುತ್ತದೆ.

ಹಾವಿಗೆ ಹೆದರುವವರು ಮೊದಲು ಇಲಿ ನೋಡಿಕೊಳ್ಳಿ. ಕೋಳಿಗೆ ಚೆಲ್ಲಿದ ಕಾಳು ರಾತ್ರಿ ಅಂಗಳದಲ್ಲಿ ಉಳಿದರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಸಂಜೆ ಗುಡಿಸಿ ಹಾಕಿ, ಹಿಂಡಿ ಬೂಸಾವನ್ನು ಮುಚ್ಚಳದ ಡ್ರಮ್ಮಿನಲ್ಲಿಡಿ, ಕಟ್ಟಿಗೆ ರಾಶಿಯನ್ನು ಗೋಡೆಗೆ ಒತ್ತಿ ಜೋಡಿಸಬೇಡಿ. ಉದ್ದದ ಕೇರೆ ಹಾವು ಕಂಡರೆ ಬಿಟ್ಟುಬಿಡಿ, ಅದಕ್ಕೆ ವಿಷವಿಲ್ಲ, ಇಲಿ ಹಿಡಿಯುವುದೇ ಅದರ ಕೆಲಸ. ಯಾವುದೇ ಹಾವು ಕಚ್ಚಿದರೂ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಬೇಡ. ಕಚ್ಚಿದ ಕೈಕಾಲು ಅಲುಗದಂತೆ ಇಟ್ಟು, ವಿಷಕ್ಕೆ ಮದ್ದು ಇರುವ ಆಸ್ಪತ್ರೆಗೆ ಹೊರಡಿ. ಆ ಮದ್ದು ಯಾವ ಆಸ್ಪತ್ರೆಯಲ್ಲಿದೆ ಅಂತ ಮಳೆಗಾಲಕ್ಕೆ ಮುಂಚೆಯೇ ಕೇಳಿಟ್ಟುಕೊಳ್ಳಿ.

ತುಡುವೆ ಜೇನಿನ ಹಿಂಡು ಒಂದು ದಿನ ಬಂದು ಮಾವಿನ ಕೊಂಬೆಗೆ ಗೊಂಚಲಾಗಿ ಕೂತರೆ ಹೊಗೆ ಹಾಕಬೇಡಿ. ಹೊಸ ಜಾಗ ಹುಡುಕುತ್ತಾ ಹೊರಟ ಹಿಂಡು ಅದು. ಹೊಟ್ಟೆ ತುಂಬ ಜೇನು ಕುಡಿದಿರುತ್ತವೆ, ಕಾಯಲು ಗೂಡೂ ಇಲ್ಲ, ಕೆಣಕದಿದ್ದರೆ ಚುಚ್ಚುವುದು ಕಡಿಮೆ. ಜೇನು ಸಾಕುವ ಗೆಳೆಯರಿಗೆ ಹೇಳಿ ಕಳಿಸಿ, ಪೆಟ್ಟಿಗೆ ತಂದು ಕೂರಿಸಿಕೊಡುತ್ತಾರೆ. ಹೆಜ್ಜೇನು ಮಾತ್ರ ಬೇರೆ. ಅದರ ಹತ್ತಿರ ಹೋಗಬೇಡಿ.

ದರಕು, ಅಂದರೆ ಒಣಗಿ ಉದುರಿದ ಎಲೆ, ತರಲು ಕಾಡಿಗೆ ಹೋಗುವವರು ಉಣುಗಿನ ವಿಷಯದಲ್ಲಿ ಹುಷಾರು. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದೇ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇ ತನಕ, ಅಂದರೆ ದರಕು ಗುಡಿಸುವ ಕಾಲದಲ್ಲೇ, ಅದರ ಕಾಟ. ಮೈ ಮುಚ್ಚುವ ಬಟ್ಟೆ ಹಾಕಿ, ಆರೋಗ್ಯ ಕೇಂದ್ರದಲ್ಲಿ ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗಿ. ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಹಾಕಿದ್ದ ಬಟ್ಟೆಯನ್ನು ಕುದಿಯುವ ನೀರಲ್ಲಿ ಅದ್ದಿ. ತೋಟದಲ್ಲಿ ಮಂಗ ಸತ್ತು ಬಿದ್ದಿದ್ದರೆ ಮುಟ್ಟದೆ ಆಶಾ ಕಾರ್ಯಕರ್ತೆಗೆ ಹೇಳಿ. ಕಾಡಿಗೆ ಹೋಗಿ ಬಂದವರಿಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಮದ್ದು ಬೇಡ.

ಕೊನೆಗೆ, ಪ್ರಾಣಿ ಇರುವ ಮನೆಯವರು ಬೇರೆ ಊರಿಗೆ ಹೋಗುವುದು ಹೇಗೆ ಅಂತ ಬಹಳ ಜನ ಕೇಳುತ್ತಾರೆ. ಪಕ್ಕದ ಮನೆಯ ಅಕ್ಕನೋ ತಮ್ಮನೋ ಇದ್ದಾರಲ್ಲ. ಆದರೆ ಹೊರಡುವ ದಿನ ಚಾವಿ ಕೊಟ್ಟು ಹೋದರೆ ಆಗದು. ದನಕ್ಕೆ ಕೈಯ ಗುರುತು, ದನಿಯ ಗುರುತು ಇರುತ್ತದೆ. ಹೊಸಬರು ಕೂತರೆ ಹಾಲು ಬಿಗಿ ಹಿಡಿಯುತ್ತದೆ, ಒದೆಯುತ್ತದೆ. ವಾರ ಮುಂಚೆಯೇ ಅವರು ಹಾಲು ಕರೆಯುವ ಹೊತ್ತಿಗೆ ಬಂದು ಹಿಂಡಿ ಇಡಲಿ, ಮೈ ಸವರಲಿ, ಕೊನೆಯ ಎರಡು ದಿನ ಅವರೇ ಕರೆಯಲಿ, ನೀವು ತಲೆ ಹತ್ತಿರ ನಿಂತಿರಿ. ಹಿಂಡಿ ಎಷ್ಟು, ಯಾವ ದನ ಯಾವ ಕಡೆಯಿಂದ ಕೂತರೆ ಸುಮ್ಮನಿರುತ್ತದೆ, ಕೋಳಿ ಎಷ್ಟಿವೆ, ಎಲ್ಲ ಒಂದು ಚೀಟಿಯಲ್ಲಿ ಬರೆದು ಕೊಟ್ಟಿಗೆಯಲ್ಲಿ ಸಿಕ್ಕಿಸಿ. ಆ ದಿನಗಳ ಹಾಲು, ಮೊಟ್ಟೆ ಎಲ್ಲ ಅವರಿಗೇ. ಅವರ ಮನೆಯಲ್ಲಿ ಕೆಲಸ ಬಿದ್ದಾಗ ಅವರು ಕರೆಯುವ ಮುಂಚೆಯೇ ನೀವು ಹೋಗಿ.